ಬಿದ್ದವರನ್ನು ಎಬ್ಬಿಸುವವರು ಯಾರು?

ಮೊನ್ನೆ ಶನಿವಾರ ರಾತ್ರಿ ಎರಡು ಗಂಟೆಗೆ ಮಗಳ ಮೊಬೈಲು ಕೂಗಿಕೊಂಡಿತು. ಆಕೆ ಪುಣೆಯಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾಳೆ, ಎರಡು ದಿನಕ್ಕೆಂದು ನಾಸಿಕದ ಮನೆಗೆ ಬಂದಿದ್ದಳು. ಆ ವಾರ ರಾತ್ರಿ ಫೋನ್ ಎತ್ತುವ ಸರದಿ ಅವಳದಂತೆ. ಬ್ಯಾಂಕಿನವನಿಗೆ ರಾತ್ರಿ ಎರಡಕ್ಕೆ ಫೋನ್ ಸದ್ದು ಕೇಳಿಸಿದರೆ ಎದೆ ಧಸಕ್ ಅನ್ನುತ್ತದೆ. ಸ್ಟ್ರಾಂಗ್ ರೂಮಿನ ಅಲಾರಂ ಹೊಡೆದುಕೊಂಡಿದೆ ಅಂತಲೇ ನಮಗೆ ಅದರ ಅರ್ಥ. ಎದ್ದು ಹೊರಗೆ ಬಂದೆ.

"ಏನಾತವ್ವಾ?"

"ಏನಿಲ್ಲಪ್ಪಾ, ಒಂದು ಪ್ರೊಸೆಸ್ ಬಿದ್ದಿತ್ತು."

"ಮತ್ತ ಈಗ?"

"ಎದ್ದೈತಿ. ತಾನ ಎದ್ದೈತಿ, ಆಪೋಆಪ್. ನೀವು ಮಲ್ಕೋರಿ. ಯಾಕ ಬಿತ್ತು ಅಂತ ಮುಂಜಾನೆ ನೋಡ್ತೀನಿ."

ಆಕೆ ಹುಟ್ಟಿ ಬೆಳೆದದ್ದು ಮಹಾರಾಷ್ಟ್ರದಲ್ಲಿ. ಹಾಗಾಗಿ ಅವಳ ಕನ್ನಡದಲ್ಲಿ ಧಾರವಾಡ ಅರ್ಧ, ಮರಾಠಿ ಅರ್ಧ. ಅದಿರಲಿ. ಆಕೆ ಐದು ನಿಮಿಷದಲ್ಲಿ ಗೊರಕೆ ಹೊಡೆಯುತ್ತಿದ್ದಳು. ನನಗೆ ನಿದ್ದೆ ಬರಲಿಲ್ಲ. ಮೂವತ್ತು ವರ್ಷ ದಾಟಿದ ಬ್ಯಾಂಕಿನ ಕೆಲಸದಲ್ಲಿ "ಬಿತ್ತು, ಎದ್ದಿತು, ಮಲ್ಕೋರಿ" ಎಂಬ ಮಾತನ್ನು ನಾನು ಎಂದೂ ಕೇಳಿಲ್ಲ. ನಮ್ಮಲ್ಲಿ ಏನಾದರೂ ಬಿದ್ದರೆ ಮೊದಲು ಮೆಮೊ ಬರುತ್ತದೆ.

ಬೆಳಿಗ್ಗೆ ಚಹಾ ಕುಡಿಯುತ್ತಾ ಕೇಳಿದೆ. ಓಡುತ್ತಿರುವ ಪ್ರತಿಯೊಂದು ಪ್ರೋಗ್ರಾಮಿಗೆ ಪ್ರೊಸೆಸ್ ಅನ್ನುತ್ತಾರಂತೆ. ನಮ್ಮ ಬ್ಯಾಂಕಿನಲ್ಲಿ ಒಂದೊಂದು ಕೌಂಟರ್ ಇದ್ದ ಹಾಗೆ. ಅದರ ಮೇಲೆ ಕಣ್ಣಿಟ್ಟಿರಲು ಇನ್ನೊಂದು ಪ್ರೊಸೆಸ್, ಅದರ ಹೆಸರು ಸೂಪರ್‌ವೈಸರ್. ಅದು ಬೇರೇನೂ ಕೆಲಸ ಮಾಡುವುದಿಲ್ಲ. ಕೆಳಗಿನದು ಬಿದ್ದರೆ ಎಬ್ಬಿಸುತ್ತದೆ, ಅಷ್ಟೆ.

"ನಾನೂ ಬ್ಯಾಂಕಿನ್ಯಾಗ ಸೂಪರ್‌ವೈಸರ್ ಅಲ್ಲೇನ?" ಅಂದೆ.

"ಹೌದು ಖರೆ. ಆದ್ರ ನಮ್ಮ ಸೂಪರ್‌ವೈಸರ್ ಬೈಯೂದಿಲ್ಲಪ್ಪಾ" ಅಂದು ನಕ್ಕಳು.

ಆಕೆ ತಮಾಷೆಗೆ ಅಂದದ್ದು. ನನಗೆ ಮಾತ್ರ ಅದು ಸ್ವಲ್ಪ ಜೋರಾಗಿಯೇ ತಾಗಿತು. ಯಾಕೆ ಅನ್ನುವುದನ್ನು ಕೊನೆಗೆ ಹೇಳುತ್ತೇನೆ. ಆಕೆ ಪುಣೆಯ ಬಸ್ಸು ಹತ್ತಿದ ಮೇಲೆ ಈ "ಎಬ್ಬಿಸುವವನ" ಇತಿಹಾಸವನ್ನು ಓದುತ್ತಾ ಕೂತೆ. ನಾನು ಬಿಕಾಂ ಓದಿದವನು, ಡೆಬಿಟ್ ಕ್ರೆಡಿಟ್ ದಾಟಿದರೆ ನನ್ನದು ಪರದೇಶ. ಆದರೂ ತಿಳಿದಷ್ಟನ್ನು ನಿಮ್ಮ ಜೊತೆ ಹಂಚಿಕೊಳ್ಳಬೇಕು ಅನ್ನಿಸಿತು. ಯಾಕೆಂದರೆ ಈ ಕಥೆ ನಮ್ಮ ಕಿತ್ತೂರಿನ ಮೇಲೂ ಹಾದುಹೋಗುತ್ತದೆ!

ನಲವತ್ತು ವರ್ಷಕ್ಕೆ ಎರಡು ತಾಸು

ಕಥೆ ಶುರುವಾಗುವುದು ಕಂಪ್ಯೂಟರ್ ಕಂಪನಿಗಳಿಂದಲ್ಲ, ಟೆಲಿಫೋನಿನಿಂದ. 1965ರ ಮೇ ತಿಂಗಳಲ್ಲಿ ಅಮೆರಿಕದ ನ್ಯೂಜೆರ್ಸಿಯ ಸಕಸನ್ನಾ ಎಂಬ ಊರಿನಲ್ಲಿ ಬೆಲ್ ಕಂಪನಿಯವರು ಪ್ರೋಗ್ರಾಮಿನ ಮೇಲೆ ನಡೆಯುವ ದೊಡ್ಡ ಎಲೆಕ್ಟ್ರಾನಿಕ್ ಎಕ್ಸ್‌ಚೇಂಜ್ ಒಂದನ್ನು ಚಾಲೂ ಮಾಡಿದರು. ಅದಕ್ಕೆ ಅವರು ಹಾಕಿಕೊಂಡ ಗುರಿ ನೋಡಿ: ನಲವತ್ತು ವರ್ಷದಲ್ಲಿ ಒಟ್ಟು ಎರಡು ತಾಸಿಗಿಂತ ಹೆಚ್ಚು ನಿಲ್ಲಕೂಡದು. ಅಂದರೆ ವರ್ಷಕ್ಕೆ ಮೂರೇ ನಿಮಿಷ. ನಮ್ಮ ಶಾಖೆಯ ಸರ್ವರ್ ಒಂದೇ ಬೆಳಿಗ್ಗೆಯಲ್ಲಿ ಆ ನಲವತ್ತು ವರ್ಷದ ಕೋಟಾ ಮುಗಿಸಿದ ದಿನಗಳುಂಟು.

ಇದು ಹಠಕ್ಕೆ ಹಾಕಿಕೊಂಡ ಗುರಿಯಲ್ಲ. ಮನೆಗೆ ಬೆಂಕಿ ಬಿದ್ದಾಗ, ಹೆರಿಗೆ ನೋವು ಬಂದಾಗ ಜನ ಫೋನ್ ಎತ್ತುತ್ತಾರೆ. ಆಗ ಎಕ್ಸ್‌ಚೇಂಜ್ "ಸರ್ವರ್ ಡೌನ್" ಅಂದರೆ ಆಗುವುದಿಲ್ಲ.

ಹಾಗಾದರೆ ಏನು ಉಪಾಯ? ಎಲ್ಲವನ್ನೂ ಜೋಡಿಯಾಗಿ ಇಡುವುದು. ಒಂದು ಯಂತ್ರ ಕೆಟ್ಟರೆ ಇನ್ನೊಂದು ಕೆಲಸ ಎತ್ತಿಕೊಳ್ಳುತ್ತದೆ. ಜೊತೆಗೆ, ನೆನಪಿನಲ್ಲಿರುವ ಲೆಕ್ಕ ಸರಿಯಿದೆಯೋ ಇಲ್ಲವೋ ಎಂದು ಸದಾ ಪರೀಕ್ಷಿಸುವ ಪ್ರೋಗ್ರಾಮುಗಳು. ಅವಕ್ಕೆ ಅವರು ಇಟ್ಟ ಹೆಸರು ಆಡಿಟ್! ನಮ್ಮ ಪದವೇ. ಕೆಟ್ಟ ಲೆಕ್ಕ ಕಂಡರೆ ಆಡಿಟ್ ಪ್ರೋಗ್ರಾಮು ಅದನ್ನು ಅಳಿಸಿ ಸರಿ ಮಾಡುತ್ತಿತ್ತು. ಒಂದು ಕರೆ ಕಟ್ ಆದರೂ ಪರವಾಗಿಲ್ಲ, ಇಡೀ ಎಕ್ಸ್‌ಚೇಂಜ್ ನಿಲ್ಲಬಾರದು.

ಕಿತ್ತೂರಿನ ಡಬ್ಬಿ

ಈಗ ನಮ್ಮ ನೆಲಕ್ಕೆ ಬನ್ನಿ. ನನ್ನ ಸೋದರಮಾವನದು ಕಿತ್ತೂರಿನಲ್ಲಿ ಕಿರಾಣಿ ಅಂಗಡಿ. ನಾನು ಧಾರವಾಡದಲ್ಲಿ ಓದುತ್ತಿದ್ದೆ. ಅದು ಟ್ರಂಕ್ ಕಾಲ್ ಬುಕ್ ಮಾಡಿ, ಊಟ ಮುಗಿಸಿ, ಒಂದು ನಿದ್ದೆ ತೆಗೆದು, ಆಮೇಲೂ ಕಾಯುವ ಕಾಲ. 1984ರ ಆಗಸ್ಟಿನಲ್ಲಿ ಕೇಂದ್ರ ಸರಕಾರ ಸಿ-ಡಾಟ್ ಎಂಬ ಸಂಸ್ಥೆ ಕಟ್ಟಿತು. ಸ್ಯಾಮ್ ಪಿತ್ರೋಡಾ ಅವರ ಹೆಸರು ನೀವೆಲ್ಲ ಕೇಳಿದ್ದೀರಿ. 36 ತಿಂಗಳು, 36 ಕೋಟಿ ರೂಪಾಯಿ, ಅಷ್ಟರಲ್ಲಿ ಭಾರತದ್ದೇ ಡಿಜಿಟಲ್ ಎಕ್ಸ್‌ಚೇಂಜ್ ಮಾಡಿ ತೋರಿಸುತ್ತೇವೆ ಎಂಬುದು ಅವರ ಮಾತು. ದಿಲ್ಲಿಯಲ್ಲಿ, ನಮ್ಮ ಬೆಂಗಳೂರಿನಲ್ಲಿ ಹುಡುಗ ಹುಡುಗಿಯರು ಹಗಲುರಾತ್ರಿ ಕೂತು ದುಡಿದರು. ಹಳ್ಳಿಗಳಿಗೆಂದೇ ಮಾಡಿದ 128 ಲೈನಿನ ಪುಟ್ಟ ಎಕ್ಸ್‌ಚೇಂಜಿಗೆ ರ‍್ಯಾಕ್ಸ್ ಎಂದು ಹೆಸರು. ಅದರಲ್ಲಿ ಮೊಟ್ಟಮೊದಲನೆಯದನ್ನು 1986ರ ಜುಲೈನಲ್ಲಿ ಚಾಲೂ ಮಾಡಿದ್ದು ನಮ್ಮ ಕಿತ್ತೂರಿನಲ್ಲಿ. ಹೌದು, ಚೆನ್ನಮ್ಮನ ಕಿತ್ತೂರಿನಲ್ಲೇ.

ಆ ಡಬ್ಬಿಯನ್ನು ಮಾಡಿದವರ ತಲೆಯಲ್ಲಿ ಇದ್ದದ್ದು ನಮ್ಮ ಹಳ್ಳಿಯ ಚಿತ್ರ. ಹವಾನಿಯಂತ್ರಣ ಇರುವುದಿಲ್ಲ, ಬೇಸಿಗೆಯ ಧಗೆ, ಧೂಳು, ಬಂದುಹೋಗುವ ಕರೆಂಟು. ಕೆಟ್ಟರೆ ಇಂಜಿನಿಯರ್ ಬೆಳಗಾವಿಯಿಂದ ಬಸ್ಸಿನಲ್ಲಿ ಬರಬೇಕು. ಅಲ್ಲಿಯವರೆಗೆ ನೋಡಿಕೊಳ್ಳುವವರು ಯಾರು? ಅದಕ್ಕೇ ಎಸಿ ಇಲ್ಲದೆಯೂ ನಡೆಯುವಂತೆ ಮಾಡಿದರು. ಒಳಗೆ ನಿಯಂತ್ರಣದ ಕಾರ್ಡುಗಳನ್ನು ಜೋಡಿಯಾಗಿ ಇಟ್ಟರು. ಒಂದು ಕೆಲಸ ಮಾಡುತ್ತಿದ್ದರೆ ಇನ್ನೊಂದು ತಯಾರಾಗಿ ಕಾಯುತ್ತಿರುತ್ತದೆ. ಮನುಷ್ಯ ಬರುವ ತನಕ ಯಂತ್ರವೇ ಯಂತ್ರವನ್ನು ಕಾಯಬೇಕು. ರಾತ್ರಿ ಎರಡಕ್ಕೆ ನನ್ನ ಮಗಳು ಹೇಳಿದ "ತಾನ ಎದ್ದೈತಿ"ಯ ಮೂಲ ಇದೇ.

ನಮ್ಮ ಮಾವನಿಗೆ ಇದೆಲ್ಲ ಏನೂ ಗೊತ್ತಿರಲಿಲ್ಲ. "ಈಗ ಫೋನ್ ಹಚ್ಚಿದ್ರ ಹತ್ತತೈತಿ" ಅನ್ನುವುದಷ್ಟೇ ಅವನ ಆಶ್ಚರ್ಯ. ನನಗನ್ನಿಸುತ್ತದೆ, ಒಂದು ಯಂತ್ರಕ್ಕೆ ಸಿಗಬಹುದಾದ ದೊಡ್ಡ ಸರ್ಟಿಫಿಕೇಟ್ ಅದೇ.

ಆಫ್ ಮಾಡಿ ಆನ್ ಮಾಡ್ರಿ

ಆದರೆ ಜೋಡಿ ಇಟ್ಟ ಮಾತ್ರಕ್ಕೆ ಎಲ್ಲ ಬಗೆಹರಿಯುವುದಿಲ್ಲ. ಯಂತ್ರ ಕೆಟ್ಟರೆ ಇನ್ನೊಂದು ಯಂತ್ರ ಉಂಟು, ಸರಿ. ಪ್ರೋಗ್ರಾಮಿನಲ್ಲೇ ತಪ್ಪಿದ್ದರೆ? ಎರಡರಲ್ಲೂ ಅದೇ ಪ್ರೋಗ್ರಾಮ್ ತಾನೇ ಇರುವುದು!

ಈ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಟ್ಯಾಂಡೆಮ್ ಎಂಬ ಕಂಪನಿಯಲ್ಲಿ. 1974ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಹುಟ್ಟಿದ ಈ ಕಂಪನಿಯ ಮೊದಲ ಯಂತ್ರ 1976ರಲ್ಲಿ ಹೋದದ್ದು ಒಂದು ಬ್ಯಾಂಕಿಗೆ, ಸಿಟಿಬ್ಯಾಂಕಿಗೆ. ನಿಲ್ಲದ ಯಂತ್ರ ಎಂಬುದೇ ಅದರ ಜಾಹೀರಾತು. ಅಲ್ಲಿ ಪ್ರತಿ ಮುಖ್ಯ ಪ್ರೊಸೆಸ್ಸಿಗೂ ಬೇರೊಂದು ಯಂತ್ರದಲ್ಲಿ ಒಬ್ಬ ಜೊತೆಗಾರ. ಮೊದಲನೆಯದು ತಾನು ಎಲ್ಲಿಯವರೆಗೆ ಬಂದೆ ಎಂದು ಆಗಾಗ ಜೊತೆಗಾರನಿಗೆ ತಿಳಿಸುತ್ತಿರುತ್ತದೆ. ಅದು ಬಿದ್ದರೆ ಜೊತೆಗಾರ ಅಲ್ಲಿಂದಲೇ ಮುಂದುವರಿಸುತ್ತಾನೆ. ಕ್ಯಾಷಿಯರ್ ಹಿಂದೆ ಇನ್ನೊಬ್ಬ ಕೂತು ಅದೇ ಸ್ಕ್ರೋಲನ್ನು ಬರೆದುಕೊಳ್ಳುತ್ತಿದ್ದಾನೆ ಅಂದುಕೊಳ್ಳಿ.

ಅಲ್ಲಿ ಕೆಲಸ ಮಾಡುತ್ತಿದ್ದ ಜಿಮ್ ಗ್ರೇ 1985ರಲ್ಲಿ, ಕಂಪ್ಯೂಟರುಗಳು ಯಾಕೆ ನಿಲ್ಲುತ್ತವೆ ಎಂದು ಕೇಳಿಕೊಂಡು ಒಂದು ವರದಿ ಬರೆದರು. ಗಿರಾಕಿಗಳ ಯಂತ್ರಗಳು ನಿಂತ ಲೆಕ್ಕ ತೆಗೆದರೆ, ಯಂತ್ರ ಕೆಟ್ಟು ನಿಂತದ್ದು ಶೇಕಡಾ 18 ಮಾತ್ರ. ಸಾಫ್ಟ್‌ವೇರಿನಿಂದ 25. ಯಂತ್ರವನ್ನು ನೋಡಿಕೊಳ್ಳುವ ಮನುಷ್ಯರ ಕೈಯಿಂದ ಆದದ್ದು 42! ಇನ್ನೂ ಸ್ವಾರಸ್ಯದ ಸಂಗತಿ ಮುಂದಿದೆ. ಅವರು ನೋಡಿದ 132 ಸಾಫ್ಟ್‌ವೇರ್ ದೋಷಗಳಲ್ಲಿ ಒಂದನ್ನು ಬಿಟ್ಟು ಮಿಕ್ಕವೆಲ್ಲ ಅದೇ ಕೆಲಸವನ್ನು ಮತ್ತೊಮ್ಮೆ ಮಾಡಿದಾಗ ಮಾಯ! ಎರಡು ಘಟನೆ ಒಂದೇ ಗಳಿಗೆಗೆ ಬಂದು ಡಿಕ್ಕಿ ಹೊಡೆದಾಗ ಮಾತ್ರ ಕಾಣುವ ತಪ್ಪುಗಳವು. ಎರಡನೇ ಸಲ ಆ ಗಳಿಗೆ ಕೂಡಿ ಬರುವುದಿಲ್ಲ.

ಶಾಖೆಯಲ್ಲಿ ಕಂಪ್ಯೂಟರ್ ನಿಂತಾಗ ಇಂಜಿನಿಯರ್ ಫೋನಿನಲ್ಲಿ "ಸಾಹೇಬ್ರ, ಒಮ್ಮೆ ಆಫ್ ಮಾಡಿ ಆನ್ ಮಾಡ್ರಿ" ಅಂದರೆ ನಾವೆಲ್ಲ ನಗುತ್ತಿದ್ದೆವು. ಆ ಮಾತಿಗೆ ಶಾಸ್ತ್ರದ ಆಧಾರ ಕೊಟ್ಟವರು ಈ ಜಿಮ್ ಗ್ರೇ. 1998ರಲ್ಲಿ ಅವರಿಗೆ ಟ್ಯೂರಿಂಗ್ ಪ್ರಶಸ್ತಿ ಬಂತು. 2007ರ ಜನವರಿಯಲ್ಲಿ ಒಬ್ಬರೇ ದೋಣಿ ತೆಗೆದುಕೊಂಡು ಸಮುದ್ರಕ್ಕೆ ಹೋದವರು ಮರಳಲಿಲ್ಲ. ಗೆಳೆಯರು ಉಪಗ್ರಹದ ಚಿತ್ರಗಳನ್ನೆಲ್ಲ ಜಾಲಾಡಿದರು, ಸಿಗಲಿಲ್ಲ. ಇದನ್ನು ಓದಿ ಮನಸ್ಸಿಗೆ ಒಂಥರಾ ಆಯಿತು.

ಯಾರ ಕೆಳಗೆ ಯಾರು

ಕಿತ್ತೂರಿನಲ್ಲಿ ರ‍್ಯಾಕ್ಸ್ ಕೂತ ಅದೇ 1986ರಲ್ಲಿ ಸ್ವೀಡನ್ನಿನ ಎರಿಕ್ಸನ್ ಟೆಲಿಫೋನ್ ಕಂಪನಿಯ ಪ್ರಯೋಗಾಲಯದಲ್ಲಿ ಜೋ ಆರ್ಮ್‌ಸ್ಟ್ರಾಂಗ್ ಎಂಬವರು ಹೊಸದೊಂದು ಕಂಪ್ಯೂಟರ್ ಭಾಷೆಯ ಕೆಲಸ ಶುರು ಮಾಡಿದರು. ಮುಂದೆ ರಾಬರ್ಟ್ ವಿರ್ಡಿಂಗ್, ಮೈಕ್ ವಿಲಿಯಮ್ಸ್ ಜೊತೆಯಾದರು. ಭಾಷೆಯ ಹೆಸರು ಎರ್ಲ್ಯಾಂಗ್. ನೂರು ವರ್ಷದ ಹಿಂದೆ ಟೆಲಿಫೋನ್ ದಟ್ಟಣೆಯ ಗಣಿತ ಕಟ್ಟಿದ ಡೆನ್ಮಾರ್ಕಿನ ಗಣಿತಜ್ಞನ ಹೆಸರು ಅದು.

ಇವರ ಯೋಚನೆ ಉಲ್ಟಾ. ಪ್ರೋಗ್ರಾಮ್ ಬರೆಯುವವರು ಸಾಮಾನ್ಯವಾಗಿ "ಹೀಗಾದರೆ ಹಾಗೆ ಮಾಡು, ಹಾಗಾದರೆ ಹೀಗೆ ಮಾಡು" ಎಂದು ಎಲ್ಲ ತಪ್ಪಿಗೂ ಮೊದಲೇ ತೇಪೆ ಹಾಕುತ್ತಾ ಹೋಗುತ್ತಾರೆ. ಕೊನೆಗೆ ತೇಪೆಯೇ ಬಟ್ಟೆಗಿಂತ ಜಾಸ್ತಿ. ಆರ್ಮ್‌ಸ್ಟ್ರಾಂಗ್ ಹೇಳಿದ್ದು: ಏನು ಮಾಡಬೇಕೆಂದು ತಿಳಿಯದಿದ್ದರೆ ನಾಟಕ ಆಡಬೇಡ, ಬಿದ್ದುಬಿಡು. ಎಬ್ಬಿಸುವುದು ಬೇರೆಯವನ ಕೆಲಸ. ಇದು ನಡೆಯಬೇಕಾದರೆ ಮೂರು ಶರತ್ತು. ಒಂದು, ಪ್ರತಿ ಪ್ರೊಸೆಸ್ಸಿಗೂ ತನ್ನದೇ ಪುಸ್ತಕ ಇರಬೇಕು, ಬೀಳುವಾಗ ಪಕ್ಕದವನ ಪುಸ್ತಕದ ಮೇಲೆ ಶಾಯಿ ಚೆಲ್ಲಬಾರದು. ಎರಡು, ಬಿದ್ದದ್ದು ಮೇಲಿನವನಿಗೆ ತಕ್ಷಣ ತಿಳಿಯಬೇಕು. ಮೂರು, ಎದ್ದವನು ಸರಿಯೆಂದು ಗೊತ್ತಿರುವ ಜಾಗದಿಂದ ಶುರು ಮಾಡಬೇಕು. ನಾವು ದಿನಾ ಬೆಳಿಗ್ಗೆ ತಾಳೆ ನೋಡಿದ ಆರಂಭ ಶಿಲ್ಕಿನಿಂದ ಶುರು ಮಾಡುವ ಹಾಗೆ.

ಸೂಪರ್‌ವೈಸರುಗಳ ಮೇಲೆ ಸೂಪರ್‌ವೈಸರ್, ಅದರ ಮೇಲೆ ಇನ್ನೊಂದು. ಹೀಗೆ ಒಂದು ವಂಶವೃಕ್ಷ. ಕೆಲಸ ಮಾಡುವವರು ಎಲೆಗಳಲ್ಲಿ, ನೋಡಿಕೊಳ್ಳುವವರು ಕೊಂಬೆಗಳಲ್ಲಿ. ಒಬ್ಬ ಬಿದ್ದರೆ ಯಾರನ್ನೆಲ್ಲ ಹೊಸದಾಗಿ ಶುರು ಮಾಡಿಸಬೇಕು ಎಂಬುದಕ್ಕೆ ಮುಖ್ಯವಾಗಿ ಮೂರು ಪದ್ಧತಿ. ಬ್ಯಾಂಕಿನ ಭಾಷೆಯಲ್ಲಿ ಹೇಳಿಬಿಡುತ್ತೇನೆ.

ಮೊದಲನೆಯದು, ಬಿದ್ದವನನ್ನು ಮಾತ್ರ ಎಬ್ಬಿಸುವುದು. ಮೂರನೇ ಕೌಂಟರಿನವನಿಗೆ ಜ್ವರ ಬಂದರೆ ಅಲ್ಲಿಗೆ ಬೇರೊಬ್ಬನನ್ನು ಕೂರಿಸುತ್ತೇವೆ, ನಾಲ್ಕನೆಯವನಿಗೆ ಅದರ ಗೊಡವೆ ಬೇಡ.

ಎರಡನೆಯದು, ಒಬ್ಬ ಬಿದ್ದರೆ ಎಲ್ಲರೂ ಮೊದಲಿನಿಂದ. ಇಬ್ಬರು ಕೂಡಿ ಒಂದೇ ನೋಟಿನ ರಾಶಿ ಎಣಿಸುತ್ತಿರುವಾಗ ಒಬ್ಬನ ಲೆಕ್ಕ ತಪ್ಪಿದರೆ ಇಬ್ಬರೂ ಸೊನ್ನೆಯಿಂದ ಎಣಿಸಬೇಕು.

ಮೂರನೆಯದು, ಬಿದ್ದವನು ಮತ್ತು ಅವನ ನಂತರದವರು. ಕ್ಲಿಯರಿಂಗಿನಲ್ಲಿ ಚೆಕ್ಕು ವಿಂಗಡಿಸುವವನು ತಪ್ಪಿದರೆ, ಅವನ ಮುಂದೆ ಪೋಸ್ಟ್ ಮಾಡುವವನೂ ತಾಳೆ ಹಾಕುವವನೂ ಪುನಃ ಮಾಡಬೇಕು. ಅವನಿಗಿಂತ ಮೊದಲು ಚೆಕ್ಕು ತಂದುಕೊಟ್ಟವನು ಮನೆಗೆ ಹೋಗಬಹುದು.

ಇಷ್ಟನ್ನೂ ಮೊದಲೇ, ಯಾರೂ ಬೀಳುವ ಮುಂಚೆಯೇ, ಬರೆದಿಡುತ್ತಾರೆ. ಬಿದ್ದ ಮೇಲೆ ಮೀಟಿಂಗ್ ಕರೆಯುವುದಿಲ್ಲ. 1996ರ ಹೊತ್ತಿಗೆ ಇದೆಲ್ಲ ಸೇರಿ ಒಂದು ಸಿದ್ಧ ಚೌಕಟ್ಟಾಯಿತು. 1998ರಲ್ಲಿ ಅದರ ಮೇಲೆ ಕಟ್ಟಿದ ಎರಿಕ್ಸನ್ನಿನ ಎಎಕ್ಸ್‌ಡಿ 301 ಎಂಬ ಸ್ವಿಚ್ಚು ಹೊರಬಂತು.

ಎಷ್ಟು ಸಲ ಎಬ್ಬಿಸಬೇಕು?

ಇಲ್ಲೊಂದು ತೊಡಕಿದೆ. ಬಿದ್ದವನನ್ನು ಎಬ್ಬಿಸಿದಿರಿ, ಮತ್ತೆ ಬಿದ್ದ. ಮತ್ತೆ ಎಬ್ಬಿಸಿದಿರಿ, ಮತ್ತೆ ಬಿದ್ದ. ಎಲ್ಲಿಯವರೆಗೆ?

ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ. 1984ರಲ್ಲಿ ಡಾ. ಸಿ. ರಂಗರಾಜನ್ ಸಮಿತಿಯ ವರದಿ ಬಂದ ಮೇಲೆ ಬ್ಯಾಂಕುಗಳಿಗೆ ಕಂಪ್ಯೂಟರ್ ಒಂದೊಂದಾಗಿ ಬಂದವಲ್ಲ, 1997ರಲ್ಲಿ ನಾನು ಆಫೀಸರಾಗಿ ಔರಂಗಾಬಾದಿಗೆ (2023ರಿಂದ ಅದು ಛತ್ರಪತಿ ಸಂಭಾಜಿನಗರ) ಹೋದಾಗ ನಮ್ಮ ಶಾಖೆಯಲ್ಲಿ ಒಂದು ಯೂನಿಕ್ಸ್ ಸರ್ವರ್, ಅದಕ್ಕೆ ಉದ್ದುದ್ದ ಕೇಬಲ್ಲಿನಲ್ಲಿ ಕಟ್ಟಿದ ಎಂಟು ಟರ್ಮಿನಲ್ಲುಗಳು. ಒಂದು ಮಧ್ಯಾಹ್ನ ಸರ್ವರಿನ ಪರದೆಯ ಮೇಲೆ ಒಂದು ಸಾಲು ಬಂತು. ಒಂದು ಕೆಲಸ ಬಹಳ ಬೇಗ ಬೇಗ ಹುಟ್ಟುತ್ತಿದೆ, ತಪ್ಪೇನೆಂದು ನೋಡಿ ಎಂಬ ಅರ್ಥದ್ದು. ನಮಗೆ ಗಾಬರಿ. ನೋಡಿದರೆ ಐದನೇ ಟರ್ಮಿನಲ್ಲಿನ ಕೇಬಲ್ಲನ್ನು ಇಲಿ ಕಡಿದಿತ್ತು.

ಆಗ ಅರ್ಥವಾಗಿರಲಿಲ್ಲ, ಈಗ ಆಯಿತು. ಯೂನಿಕ್ಸಿನಲ್ಲಿ ಎಲ್ಲಕ್ಕಿಂತ ಮೊದಲು ಹುಟ್ಟುವ ಪ್ರೊಸೆಸ್ಸಿಗೆ ಇನಿಟ್ ಅನ್ನುತ್ತಾರೆ. ಪ್ರತಿ ಟರ್ಮಿನಲ್ಲಿನಲ್ಲಿ ಲಾಗಿನ್ ಕೇಳುವ ಪ್ರೊಸೆಸ್ ಸತ್ತರೆ ಅದನ್ನು ಮತ್ತೆ ಹುಟ್ಟಿಸುವುದು ಇನಿಟ್‌ನ ಕೆಲಸ. ಎರಡು ನಿಮಿಷದಲ್ಲಿ ಹತ್ತಕ್ಕಿಂತ ಹೆಚ್ಚು ಸಲ ಸತ್ತರೆ "ಇದು ನನ್ನಿಂದಾಗುವ ಕೆಲಸವಲ್ಲ" ಎಂದು ಮನುಷ್ಯರನ್ನು ಕೂಗಿ, ಐದು ನಿಮಿಷ ಸುಮ್ಮನಾಗುತ್ತದೆ. ಮಿಕ್ಕ ಏಳು ಟರ್ಮಿನಲ್ಲು ಆ ಹೊತ್ತಿನಲ್ಲೂ ಹಾಯಾಗಿ ನಡೆದಿದ್ದವು! ಎರ್ಲ್ಯಾಂಗಿನಲ್ಲಿ ಇದು ಇನ್ನೂ ಕಟ್ಟುನಿಟ್ಟು. ಬೇರೆ ಲೆಕ್ಕ ಬರೆದಿರದಿದ್ದರೆ ಐದು ಸೆಕೆಂಡಿನಲ್ಲಿ ಒಂದೇ ಸಲ ಎಬ್ಬಿಸುವುದು. ಅದಕ್ಕೂ ಮೀರಿದರೆ ಸೂಪರ್‌ವೈಸರ್ ತನ್ನ ಕೆಳಗಿನವರನ್ನೆಲ್ಲ ನಿಲ್ಲಿಸಿ ತಾನೂ ಬೀಳುತ್ತಾನೆ. ಅವನ ಮೇಲಿನವನು ನೋಡಿಕೊಳ್ಳಲಿ. ನನ್ನ ಕೈಯಲ್ಲಿ ಆಗುವುದಿಲ್ಲ ಎಂದು ಮೇಲಕ್ಕೆ ಹೇಳುವುದು ಅಲ್ಲಿ ಅವಮಾನವಲ್ಲ, ನಿಯಮ.

ಎಬ್ಬಿಸುವುದರಲ್ಲೂ ಎಡವಬಹುದು ಎಂಬುದಕ್ಕೆ ದೊಡ್ಡ ಸಾಕ್ಷಿ 1990ರ ಜನವರಿ 15. ಅಮೆರಿಕದ ಎಟಿ ಆಂಡ್ ಟಿ ಕಂಪನಿಯ ನ್ಯೂಯಾರ್ಕಿನ ಒಂದು ಸ್ವಿಚ್ಚಿಗೆ ತೊಂದರೆಯಾಗಿ, ಅದು ಕೆಲವೇ ಸೆಕೆಂಡಿನಲ್ಲಿ ತನ್ನನ್ನು ಸರಿಮಾಡಿಕೊಂಡು ಎದ್ದಿತು. ಎದ್ದು ನೆರೆಯವರಿಗೆ "ನಾನು ಬಂದೆ" ಎಂದು ತಿಳಿಸಿತು. ಆ ಸುದ್ದಿಯನ್ನು ಬರೆದುಕೊಳ್ಳುತ್ತಿರುವಾಗಲೇ ಇನ್ನೊಂದು ಸಂದೇಶ ಬಂದರೆ ನೆರೆಯದು ತಾನೇ ಬೀಳುವಂಥ ತಪ್ಪು ಹೊಸ ಪ್ರೋಗ್ರಾಮಿನಲ್ಲಿತ್ತು. ಒಂದೇ ಒಂದು ಪದ ತಪ್ಪು ಜಾಗದಲ್ಲಿ. ನೆರೆಯದು ಬಿತ್ತು, ಎದ್ದಿತು, "ನಾನು ಬಂದೆ" ಅಂದಿತು. ಅದರ ನೆರೆಯದೂ ಬಿತ್ತು. ಹೀಗೆ 114 ಸ್ವಿಚ್ಚುಗಳು ಒಂದನ್ನೊಂದು ಬೀಳಿಸುತ್ತಾ ಎಬ್ಬಿಸುತ್ತಾ ಸುಮಾರು ಒಂಬತ್ತು ತಾಸು ಕಳೆದವು. ಆ ಕಂಪನಿಯ ದೂರದ ಕರೆಗಳಲ್ಲಿ ಅರ್ಧದಷ್ಟು ಹತ್ತಲೇ ಇಲ್ಲ. ಪ್ರತಿಯೊಂದು ಸ್ವಿಚ್ಚೂ ತಾನು ಮಾಡಬೇಕಾದದ್ದನ್ನು ಸರಿಯಾಗಿಯೇ ಮಾಡಿತ್ತು. ಮೇಲಿನಿಂದ ನೋಡಿ "ಸಾಕು, ನಿಲ್ಲಿ" ಅನ್ನುವವನು ಇರಲಿಲ್ಲ.

ಮುಂದಿನದು ನಿಮಗೆ ಗೊತ್ತಿರುವ ಕಾಲ. 1998ರ ಫೆಬ್ರುವರಿಯಲ್ಲಿ ಎರಿಕ್ಸನ್ನಿನ ಒಂದು ವಿಭಾಗ ಹೊಸ ಕೆಲಸಗಳಿಗೆ ಎರ್ಲ್ಯಾಂಗ್ ಬೇಡ ಎಂದು ತೀರ್ಮಾನಿಸಿತು. ಅದೇ ಡಿಸೆಂಬರಿನಲ್ಲಿ ಭಾಷೆಯನ್ನು ಎಲ್ಲರಿಗೂ ಬಿಟ್ಟಿಯಾಗಿ ಬಿಡುಗಡೆ ಮಾಡಿದರು. ಮನೆಯಿಂದ ಹೊರಗೆ ಹಾಕಿದ ಮಗನೇ ಹೆಸರು ಮಾಡಿದ ಹಾಗಾಯಿತು. 2009ರಲ್ಲಿ ಹುಟ್ಟಿದ ವಾಟ್ಸ್ಆ್ಯಪ್ ಅದರ ಮೇಲೆಯೇ ನಿಂತಿತು. 2012ರಲ್ಲಿ ಒಂದೇ ಸರ್ವರಿನ ಮೇಲೆ 20 ಲಕ್ಷ ಸಂಪರ್ಕ. 2014ರ ಫೆಬ್ರುವರಿಯಲ್ಲಿ ಫೇಸ್‌ಬುಕ್ ಅದನ್ನು ಕೊಳ್ಳುವಾಗ 45 ಕೋಟಿ ಬಳಕೆದಾರರು, ನೋಡಿಕೊಳ್ಳಲು 32 ಇಂಜಿನಿಯರುಗಳು. ನಮ್ಮ ಶಾಖೆಯ ಸಿಬ್ಬಂದಿಯಷ್ಟೇ! ಮಗಳ ಕಂಪನಿಯಲ್ಲಿ ಬಳಸುವುದು ಬೇರೆ, ಕುಬರ್ನೆಟೀಸ್ ಅಂತೆ. ಅಲ್ಲಿ ಬಿದ್ದದ್ದನ್ನು ಎಬ್ಬಿಸುವ ಮುಂಚೆ ಹತ್ತು ಸೆಕೆಂಡ್, ಆಮೇಲೆ ಇಪ್ಪತ್ತು, ನಲವತ್ತು, ಹೀಗೆ ಹೆಚ್ಚುತ್ತಾ ಐದು ನಿಮಿಷದವರೆಗೆ ಕಾಯುತ್ತಾರಂತೆ. ಹೆಸರು ಬದಲಾಯಿತು, ಹಳೆಯ ಐದು ನಿಮಿಷ ಹಾಗೇ ಇದೆ ನೋಡಿ.

ನನ್ನ ಪಾಸ್‌ವರ್ಡ್

ಈಗ, ಕೊನೆಗೆ ಹೇಳುತ್ತೇನೆ ಅಂದೆನಲ್ಲ, ಅದು.

1999. ಔರಂಗಾಬಾದಿನ ಅದೇ ಶಾಖೆ. ಬ್ಯಾಂಕಿನಲ್ಲಿ ಒಬ್ಬ ನಮೂದಿಸಬೇಕು, ಇನ್ನೊಬ್ಬ ನೋಡಿ ಪಾಸು ಮಾಡಬೇಕು. ಗುಮಾಸ್ತ ಪೋಸ್ಟ್ ಮಾಡಿದ್ದನ್ನು ಆಫೀಸರಾದ ನಾನು ನನ್ನ ಪಾಸ್‌ವರ್ಡ್ ಹಾಕಿ ಒಪ್ಪಬೇಕಿತ್ತು. ನಮ್ಮಲ್ಲಿ ಒಬ್ಬ ಹೊಸ ಹುಡುಗ, ಇಪ್ಪತ್ತಮೂರೋ ಇಪ್ಪತ್ತನಾಲ್ಕೋ ವಯಸ್ಸು, ಚುರುಕು. ಗಿರಾಕಿಗಳ ಸಾಲು ಬೆಳೆದಾಗ ಐದು ನಿಮಿಷಕ್ಕೊಮ್ಮೆ "ಸಾಹೇಬ್, ಪಾಸ್‌ವರ್ಡ್" ಅನ್ನುವನು. ಬೇಸತ್ತು ಒಂದು ದಿನ ಅವನಿಗೇ ಹೇಳಿಕೊಟ್ಟೆ. ನೀವೇನಾದರೂ ಬ್ಯಾಂಕಿನವರಾದರೆ ಈಗ ತಲೆ ತಗ್ಗಿಸಿ ನಗುತ್ತಿರುತ್ತೀರಿ.

ಅದಕ್ಕೆ ಒಂದು ತಿಂಗಳ ಹಿಂದೆ ಅವನೊಂದು ಸಣ್ಣ ತಪ್ಪು ಮಾಡಿದ್ದ, 450 ರೂಪಾಯಿಯದ್ದು. ಗಿರಾಕಿಗಳ ಎದುರಿಗೇ ನಾನು ಅವನ ಮೇಲೆ ಕೂಗಾಡಿದ್ದೆ. ಇದನ್ನು ನೆನಪಿಡಿ.

ಒಂದು ದಿನ ಅವನು 6,000 ರೂಪಾಯಿಯನ್ನು ಒಂದು ಅಂಕಿ ತಪ್ಪಿ ಬೇರೆಯವರ ಖಾತೆಗೆ ಜಮಾ ಮಾಡಿದ. ಅವರು ತೆಗೆದುಕೊಂಡೂ ಹೋದರು. ನಿಜವಾದ ಖಾತೆದಾರ ಬಂದು ಹಣ ಕೇಳಿದಾಗ ಹುಡುಗನಿಗೆ ಕೈಕಾಲು ನಡುಕ. ನನ್ನ ಬಳಿ ಬರಲಿಲ್ಲ. ಸಸ್ಪೆನ್ಸ್ ಖಾತೆಗೆ ಖರ್ಚು ಹಾಕಿ ಅವರಿಗೆ ಹಣ ಹೊಂದಿಸಿದ. ಹಳೆಯ ನಮೂದು ಎದ್ದು ಕಾಣಬಾರದೆಂದು ಕೆಲವು ದಿನಕ್ಕೊಮ್ಮೆ ಅದನ್ನು ತಿರುಗಿಸಿ ಹೊಸದಾಗಿ ಹಾಕುತ್ತಾ ಹೋದ. ಪಾಸು ಮಾಡಲು ನನ್ನ ಪಾಸ್‌ವರ್ಡ್ ಇತ್ತಲ್ಲ! ಎರಡು ತಿಂಗಳ ಮೇಲೆ ಅರ್ಧವಾರ್ಷಿಕ ಲೆಕ್ಕದ ಹೊತ್ತಿಗೆ ಇನ್‌ಸ್ಪೆಕ್ಟರ್ ಹಿಡಿದರು. ಅಷ್ಟರಲ್ಲಿ ಹದಿನಾಲ್ಕು ನಮೂದುಗಳಾಗಿದ್ದವು. ಹದಿನಾಲ್ಕಕ್ಕೂ ಪಾಸು ಮಾಡಿದವನ ಹೆಸರು ನನ್ನದು.

ವಿಚಾರಣೆ ನಡೆಯಿತು. ಹುಡುಗನ ಇನ್‌ಕ್ರಿಮೆಂಟ್ ಹೋಯಿತು. ನನಗೆ ಎಚ್ಚರಿಕೆಯ ಪತ್ರ ಬಂತು. ಆ 6,000 ಏನಾಯಿತು ಕೇಳಿ. ತಪ್ಪಾಗಿ ಜಮಾ ಆದವರಿಗೆ ಫೋನ್ ಮಾಡಿದರೆ "ಅಯ್ಯೋ, ನಮ್ಮದೇ ಇರಬೇಕು ಅಂದುಕೊಂಡಿದ್ದೆವು" ಎಂದು ಎರಡು ಕಂತಿನಲ್ಲಿ ತಂದು ಕಟ್ಟಿದರು. ಮೊದಲ ದಿನವೇ ಹೇಳಿದ್ದರೆ ಒಂದು ಫೋನ್ ಕಾಲಿನ ಕೆಲಸ.

"ನನಗ್ಯಾಕೆ ಹೇಳಲಿಲ್ಲ?" ಎಂದು ಅವನನ್ನು ಕೇಳಿದ್ದೆ. "ಸಾಹೇಬ್, ತುಮಚೀ ಭೀತೀ ವಾಟತ್ ಹೋತೀ" ಅಂದ. ನಿಮ್ಮದೇ ಹೆದರಿಕೆ ಇತ್ತು ಸಾಹೇಬ್ರೆ. ಆಮೇಲೆ ಅವನಿಗೆ ವರ್ಗವಾಯಿತು. ಅಷ್ಟು ಚುರುಕಿನ ಹುಡುಗ ಪ್ರಮೋಷನ್ ಪರೀಕ್ಷೆಗೆ ಕೂರಲೇ ಇಲ್ಲ ಎಂದು ಕೇಳಿದೆ.

ಇಷ್ಟು ವರ್ಷ ನಾನು ಅದನ್ನು ಪಾಸ್‌ವರ್ಡ್ ಕೊಟ್ಟ ತಪ್ಪು ಎಂದೇ ಲೆಕ್ಕ ಹಾಕಿಕೊಂಡಿದ್ದೆ. ಅದು ತಪ್ಪೇ, ಅನುಮಾನವಿಲ್ಲ. ಆದರೆ ಈ ಟೆಲಿಫೋನಿನವರ ಇತಿಹಾಸ ಓದಿದ ಮೇಲೆ ಅನ್ನಿಸುತ್ತಿದೆ, ಅದಕ್ಕಿಂತ ದೊಡ್ಡ ತಪ್ಪು ಒಂದು ತಿಂಗಳ ಹಿಂದೆ ಕೂಗಾಡಿದ್ದು. ಬಿದ್ದದ್ದು ತಕ್ಷಣ ಮೇಲಿನವನಿಗೆ ತಿಳಿಯಬೇಕು ಎಂಬ ಎರಡನೇ ಶರತ್ತನ್ನು ಮುರಿದವನು ಆ ಹುಡುಗನಲ್ಲ, ನಾನು. ಬೀಳುವುದಕ್ಕೆ ಹೆದರಿದವನು ಬಿದ್ದದ್ದನ್ನು ಮುಚ್ಚುತ್ತಾನೆ. ಮುಚ್ಚಿಟ್ಟದ್ದು ಹದಿನಾಲ್ಕಾಗುತ್ತದೆ.

ಬ್ಯಾಂಕುಗಳೂ ನಿಧಾನವಾಗಿ ಕಲಿಯುತ್ತಿವೆ ಅನ್ನಿ. 2019ರ ಸೆಪ್ಟೆಂಬರಿನಲ್ಲಿ ರಿಸರ್ವ್ ಬ್ಯಾಂಕ್ ಒಂದು ಸುತ್ತೋಲೆ ತಂದಿತು. ಎಟಿಎಂನಲ್ಲಿ ಹಣ ಬಾರದೆ ಖಾತೆಯಿಂದ ಮಾತ್ರ ಕಡಿತವಾದರೆ, ವ್ಯವಹಾರದ ದಿನ ಬಿಟ್ಟು ಐದು ದಿನದೊಳಗೆ ಬ್ಯಾಂಕು ತಾನಾಗಿ ವಾಪಸು ಹಾಕಬೇಕು, ತಡವಾದರೆ ದಿನಕ್ಕೆ 100 ರೂಪಾಯಿ, ಅದೂ ಗಿರಾಕಿ ದೂರು ಕೊಡುವ ತನಕ ಕಾಯದೆ. ಯಂತ್ರ ಬಿದ್ದೇ ಬೀಳುತ್ತದೆ ಎಂದು ಒಪ್ಪಿಕೊಂಡು ಬರೆದ ನಿಯಮ ಅದು. ನನಗೆ ಈಗ ಅದರ ಬೆಲೆ ಗೊತ್ತಾಗುತ್ತಿದೆ.

ಸೋಮವಾರ ಮಗಳಿಗೆ ಫೋನ್ ಮಾಡಿದಾಗ ಆ ರಾತ್ರಿಯ ವಿಷಯ ಕೇಳಿದೆ. ರಿಪೋರ್ಟ್ ಬರೆದು ಕಳಿಸಿದ್ದಳಂತೆ. ಎಷ್ಟು ಹೊತ್ತಿಗೆ ಬಿತ್ತು, ಎಷ್ಟು ಸಲ ಎದ್ದಿತು, ಯಾಕೆ ಬಿತ್ತು, ಮುಂದೆ ಏನು ಬದಲಿಸಬೇಕು.

"ಯಾರು ಮಾಡಿದ್ದಂತ?" ಅಂದೆ. ಹಳೆಯ ಚಟ.

"ಅದನ್ನ ಬರ್ಯಾಂಗಿಲ್ಲಪ್ಪಾ. ಬರದ್ರ ಮುಂದಿನ ಸಲ ಯಾರೂ ಹೇಳಂಗಿಲ್ಲ."

ನಿವೃತ್ತಿಗೆ ಇನ್ನು ಕೆಲವೇ ವರ್ಷ ಉಳಿದಿದೆ. ಕಳೆದ ವಾರ ನಾಸಿಕದ ನಮ್ಮ ಶಾಖೆಗೆ ಇಬ್ಬರು ಹೊಸ ಹುಡುಗಿಯರು ಬಂದು ಸೇರಿದರು. ಮೊದಲ ದಿನ ಅವರಿಗೆ ಎರಡೇ ಮಾತು ಹೇಳಿದೆ. ನನ್ನ ಪಾಸ್‌ವರ್ಡ್ ಯಾವತ್ತೂ ಕೇಳಬೇಡಿ, ಎಷ್ಟೇ ದೊಡ್ಡ ಸಾಲಿರಲಿ ನಾನೇ ಎದ್ದು ಬರುತ್ತೇನೆ. ಮತ್ತೆ, ತಪ್ಪಾದರೆ ಐದು ನಿಮಿಷದೊಳಗೆ ನನಗೆ ಹೇಳಿ, ನಾನು ಕೂಗಾಡುವುದಿಲ್ಲ.

ಮೊನ್ನೆ ಗುರುವಾರ ಅವರಲ್ಲೊಬ್ಬಳು ಬಂದು ನಿಂತಳು. 200 ರೂಪಾಯಿ ವ್ಯತ್ಯಾಸ. ಕೂಗಾಡಲಿಲ್ಲ. ಬಾಯಿ ಮಾತ್ರ ಒಮ್ಮೆ ತೆರೆದಿತ್ತು, ಮುಚ್ಚಿಕೊಂಡೆ.